ಬಾವಿಯೊಳಗಿನ ಫೋನು

ಪ್ರಯೋಗಾಲಯದ ಮೂಲೆಯ ಮೇಜಿನ ಮೇಲಿದ್ದ ಉಕ್ಕಿನ ಪೆಟ್ಟಿಗೆಯನ್ನು ಎಲ್ಲರೂ ಬಾವಿ ಎಂದೇ ಕರೆಯುತ್ತಿದ್ದರು. ಒಳಗೋಡೆಗೆಲ್ಲ ತಾಮ್ರದ ಜಾಲರಿ, ತಳದಲ್ಲಿ ದಪ್ಪನೆಯ ಕಪ್ಪು ಸ್ಪಂಜು, ಮೇಲೆ ಎರಡು ಕೊಂಡಿಯ ಮುಚ್ಚಳ. ಮುಚ್ಚಳ ಹಾಕಿದರೆ ಒಳಗಿನ ಫೋನಿಗೆ ಹೊರಗಿನ ಜಗತ್ತಿಲ್ಲ, ಜಗತ್ತಿಗೆ ಆ ಫೋನಿಲ್ಲ. ಮನೆಯವರ ಕಾಟ ತಪ್ಪಿಸಿಕೊಳ್ಳಬೇಕೆಂದಾಗ "ನಂದೊಂದು ಸ್ವಲ್ಪ ಬಾವಿಗೆ ಹಾಕ್ತೀನಿ" ಎಂದು ಫೋನನ್ನು ಅದರಲ್ಲಿಟ್ಟು, ಸಂಜೆ ಮನೆಗೆ ಹೋಗಿ "ಅಯ್ಯೋ, ಸಿಗ್ನಲ್ಲೇ ಇರಲಿಲ್ಲ" ಎನ್ನುವುದು ಅಲ್ಲಿನವರ ರೂಢಿ. ಸುಳ್ಳೂ ಅಲ್ಲ.

ಬಾವಿಯ ಉಸ್ತುವಾರಿ ಸಣ್ಣಿಯದು. ಸಣ್ಣಿ ಎನ್ನುವುದು ಮನೆಯಲ್ಲಿ ಕರೆಯುವ ಹೆಸರು. ಅಕ್ಕನ ಗಂಡ, ಅಂದರೆ ಭಾವ, ಅಲ್ಲಿಯೇ ಯಂತ್ರ ಜೋಡಿಸುವ ಕೆಲಸದಲ್ಲಿದ್ದರು. ಅವಳು ಸೇರಿದ ಮೊದಲ ದಿನವೇ ಆ ಹೆಸರನ್ನು ಎಲ್ಲರಿಗೂ ಹಂಚಿಬಿಟ್ಟಿದ್ದರು. ಅವಳು ಇರುವುದೂ ಅಕ್ಕ-ಭಾವನ ಮನೆಯಲ್ಲೇ. ಹಾಗಾಗಿ ಬೆಳಗಿನ ತಿಂಡಿಯಿಂದ ರಾತ್ರಿಯ ಊಟದವರೆಗೆ ಭಾವನ ಮುಖವೇ.

ಅಲ್ಲಿ ನಡೆಯುತ್ತಿದ್ದುದು ಫೋನುಗಳ ಹೆಬ್ಬೆಟ್ಟು ತೆಗೆಯುವ ಕೆಲಸ. ಒಂದೇ ಕಾರ್ಖಾನೆಯಿಂದ ಒಂದರ ಬೆನ್ನಿಗೊಂದು ಹೊರಬಿದ್ದ ಫೋನುಗಳೂ ಗಾಳಿಯಲ್ಲಿ ಒಂದೇ ಥರ ಮಾತಾಡುವುದಿಲ್ಲ. ಒಳಗಿನ ಹರಳು ಒಂದರಲ್ಲಿ ಕೂದಲೆಳೆಯಷ್ಟು ಬೇಗ ಕಂಪಿಸುತ್ತದೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ನಿಧಾನ. ಒಂದು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತದೆ, ಇನ್ನೊಂದು ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತದೆ. ಮನುಷ್ಯರ ಕಿವಿಗೆ ಇದು ಕೇಳದು, ಯಂತ್ರಕ್ಕೆ ಕೇಳುತ್ತದೆ. ಸಿಮ್ ಬದಲಾಯಿಸಿ, ನಂಬರು ಬದಲಾಯಿಸಿ, ಮೇಲಿನ ಕವಚ ಕಿತ್ತು ಬೇರೆ ಹಾಕಿ, ಆ ನಡುಕ ಮಾತ್ರ ಹೋಗದು. ಆ ನಡುಕವನ್ನು ಫೋನಿನ ಒಡೆಯರ ಹೆಸರಿನಲ್ಲಿ ದಾಖಲಿಸಿಡುವುದೇ ಹೆಬ್ಬೆಟ್ಟು ತೆಗೆಯುವುದು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಸಾರ್, ಗ್ಯಾರಂಟಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದವರು ಪ್ರಯೋಗಾಲಯದ ಮುಖ್ಯಸ್ಥರು. ಎಲ್ಲದಕ್ಕೂ ಆ ಮಾತು ಸೇರಿಸುತ್ತಿದ್ದುದರಿಂದ ಬೆನ್ನ ಹಿಂದೆ ಅವರು ಗ್ಯಾರಂಟಿ ಸಾಹೇಬರು. "ಅರ್ಧ ಗಂಟೇಲಿ ಬರ್ತೀನಿ, ಗ್ಯಾರಂಟಿ" ಎಂದು ಊಟಕ್ಕೆ ಹೋದವರು ಸಂಜೆ ಬರುತ್ತಿದ್ದರು.

ಈಚೆಗೆ ಸಿಕ್ಕ ದೊಡ್ಡ ಗಿರಾಕಿ ಜೈಲು. ಜೈಲಿನ ಓಣಿಗಳ ಸೂರಿಗೆ ಚಪ್ಪಟೆ ಬಿಳಿ ಡಬ್ಬಿಗಳನ್ನು ಬಡಿದಿದ್ದರು. ಸಿಬ್ಬಂದಿ ತಮ್ಮ ಫೋನನ್ನು ಮುಂಭಾಗದ ಕಚೇರಿಯ ಲಾಕರಿನಲ್ಲಿ ಬಿಟ್ಟು ಒಳಗೆ ಹೋಗಬೇಕು. ಒಳಗೆ ಯಾವುದಾದರೂ ಫೋನು ಬಾಯಿಬಿಟ್ಟರೆ ಅದು ಯಾರದೆಂದು ಡಬ್ಬಿ ಹೇಳಬೇಕು. ಅದಕ್ಕಾಗಿ ಸಣ್ಣಿ, ಭಾವ ಇಬ್ಬರೂ ಬಾವಿಯನ್ನು ಹೊತ್ತುಕೊಂಡು ಹೋಗಿ ಜೈಲಿನ ಸಿಬ್ಬಂದಿಯ ಅಷ್ಟೂ ಫೋನುಗಳ ಹೆಬ್ಬೆಟ್ಟು ತೆಗೆದು ಬಂದಿದ್ದರು. ಆಮೇಲೆ ಡಬ್ಬಿಗಳನ್ನು ಹದಕ್ಕೆ ತರಲು ಭಾವ ಒಬ್ಬರೇ ಬಾವಿಯೊಂದಿಗೆ ಇನ್ನೊಮ್ಮೆ ಹೋಗಿದ್ದರು.

ಅದೇ ದಿನ ಡಬ್ಬಿ ಬಾಯಿಬಿಟ್ಟಿತು. ಹೆಂಗಸರ ವಿಭಾಗದ ಓಣಿಯಲ್ಲಿ ಒಂದು ಫೋನು ಮಾತಾಡಿದೆ, ಅದು ಅಲ್ಲಿನ ವಾರ್ಡರಮ್ಮನದು ಎಂದಿತು.

ಆ ಹೊತ್ತಿನಲ್ಲಿ ವಾರ್ಡರಮ್ಮನ ನಂಬರಿನಿಂದ ಯಾವ ಕರೆಯೂ ಹೋಗಿರಲಿಲ್ಲ. ಆದರೇನು? "ಬೇರೆ ಸಿಮ್ ಹಾಕಿ ಕೈದಿಗಳಿಗೆ ಕೊಟ್ಟಿರ್ತಾಳೆ" ಎಂದರು ಜೈಲಿನ ಮೇಲಧಿಕಾರಿ. ಸಿಮ್ ಬದಲಾಯಿಸಿದರೂ ಫೋನು ಸಿಕ್ಕಿಬೀಳುತ್ತದೆ ಎನ್ನುವುದೇ ಈ ಯಂತ್ರದ ಹೆಚ್ಚುಗಾರಿಕೆಯಲ್ಲವೆ? ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ನಾಳಿದ್ದು ವಿಚಾರಣೆ. ಅವಳ ಫೋನನ್ನು ಇನ್ನೊಮ್ಮೆ ಪರೀಕ್ಷಿಸಿ, ಡಬ್ಬಿ ಕೇಳಿದ್ದು ಇದೇ ಫೋನನ್ನು ಎಂದು ಸಣ್ಣಿ ಸಹಿ ಹಾಕಿದರೆ ಕೆಲಸ ಹೋಗುವುದು ಮಾತ್ರವಲ್ಲ, ಮೇಲೊಂದು ಮೊಕದ್ದಮೆ.

ಫೋನನ್ನು ಜೈಲಿನ ಗುಮಾಸ್ತನೊಬ್ಬ ಮೊಹರು ಮಾಡಿದ ಲಕೋಟೆಯಲ್ಲಿ ತಂದ. ಜೊತೆಯಲ್ಲಿ ವಾರ್ಡರಮ್ಮನೂ ಬಂದಳು. ಕರೆದಿರಲಿಲ್ಲ, ಬಂದಳು. ಎತ್ತರದ ಹೆಂಗಸು. ಬಾಗಿಲ ಬಳಿ ನಿಂತರೆ ಬಾಗಿಲೇ ಮುಚ್ಚಿದ ಹಾಗೆ.

"ಹೆಬ್ಬೆಟ್ಟು ತೆಗೆದೋಳು ನೀನೇ ಅಲ್ವೇನಮ್ಮ?" ಎಂದಳು.

"ಹೌದಮ್ಮ."

"ನಿಮ್ಮ ಡಬ್ಬಿಗೆ ಕಣ್ಣಿದೆಯಾ?"

"ಇಲ್ಲ. ಕಿವಿ ಮಾತ್ರ."

"ಅದಕ್ಕೇ. ಕಿವಿ ಒಂದೇ ಇರೋರು ಚಾಡಿ ಹೇಳ್ತಾರೆ." ಅವಳು ನಗಲಿಲ್ಲ. "ನನ್ನ ಫೋನು ಲಾಕರಲ್ಲಿತ್ತು. ನಾನೇ ಬೀಗ ಹಾಕಿದ್ದು. ಆ ಹೊತ್ತಲ್ಲಿ ಓಣಿ ಬಿಟ್ಟು ಎಲ್ಲಿಗೆ ಹೋಗಿದ್ದೆ ಅಂತ ಕೇಳ್ತಾರೆ. ನಿಮ್ಮೋರೇ ಒಬ್ರು ಏಣಿ ಮೇಲೆ ನಿಂತು ಡಬ್ಬಿ ತಿರುಗಿಸ್ತಾ ಇದ್ರು. ಬಾಯಾರಿಕೆ, ಸ್ವಲ್ಪ ನೀರು ತಂದುಕೊಡ್ತೀರಾ ಅಂದ್ರು. ತರೋಕೆ ಹೋದೆ. ನೀರು ಕೊಟ್ಟ ಕೈಗೇ ಬೇಡಿ ಬೀಳ್ತಾ ಇದೆ ನೋಡು."

ಗುಮಾಸ್ತ ಕೆಮ್ಮಿದ. ವಾರ್ಡರಮ್ಮ ತನ್ನ ಫೋನಿದ್ದ ಲಕೋಟೆಯನ್ನೊಮ್ಮೆ ನೋಡಿ ಹೊರಟುಹೋದಳು.

ಸಣ್ಣಿ ಲಕೋಟೆ ಒಡೆದು, ಫೋನು ಚಾಲೂ ಮಾಡಿ, ಬಾವಿಗೆ ಹಾಕಿದಳು. ಬಾವಿಯೊಳಗೆ ಬೆರಳುದ್ದದ ಒಂದು ಪುಟ್ಟ ಟವರಿದೆ. ಮುಚ್ಚಳ ಹಾಕಿದೊಡನೆ ಅದು ಕರೆಯುತ್ತದೆ, ಫೋನು ಓಗೊಡುತ್ತದೆ, ಹೊರಗಿನ ಹಸಿರು ದೀಪ ಹತ್ತುತ್ತದೆ, ಓಗೊಟ್ಟ ದನಿ ಯಾರದೆಂದು ಪರದೆಯ ಮೇಲೆ ಬರುತ್ತದೆ. ದೀಪ ಹತ್ತಿತು. ಪರದೆಯ ಮೇಲೆ ಬಂದದ್ದು: ಗೊತ್ತಿಲ್ಲದ ಫೋನು.

ಇನ್ನೊಮ್ಮೆ ಮಾಡಿದಳು. ಗೊತ್ತಿಲ್ಲದ ಫೋನು. ತಿರುಗಿಸಿಟ್ಟಳು, ಮಗುಚಿಟ್ಟಳು. ಬಾವಿಗೆ ವಾರ್ಡರಮ್ಮನ ಫೋನೇ ಗೊತ್ತಿರಲಿಲ್ಲ.

ಗ್ಯಾರಂಟಿ ಸಾಹೇಬರ ಕೋಣೆಗೆ ಹೋಗಿ ಹೇಳಿದಳು. ಅವರು ಕನ್ನಡಕ ಒರೆಸುತ್ತ ಕೇಳಿದರು. "ಶಾಖ" ಎಂದರು. "ಜೈಲಲ್ಲಿ ಸೆಕೆ, ಇಲ್ಲಿ ಏಸಿ. ತಣ್ಣಗಿದ್ದಾಗ ಹರಳು ಸ್ವಲ್ಪ ಬೇರೆ ಥರ ಆಡುತ್ತೆ. ಫೋನನ್ನ ಬೆಚ್ಚಗೆ ಮಾಡಿ ನೋಡು, ಹೊಂದುತ್ತೆ, ಗ್ಯಾರಂಟಿ."

"ಹೊಂದದಿದ್ರೆ ಸಾರ್?"

"ಹೊಂದದಿದ್ರೆ, 'ಶಾಖದ ವ್ಯತ್ಯಾಸದಿಂದ ಖಚಿತವಾಗಿ ಹೇಳಲಾಗದು' ಅಂತ ಬರಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಹಾವು ಯಾರು, ಕೋಲು ಯಾರು ಎಂದು ಸಣ್ಣಿ ಕೇಳಲಿಲ್ಲ. ಖಚಿತವಾಗಿ ಹೇಳಲಾಗದು ಎಂದರೆ ಡಬ್ಬಿಯ ಮಾತೇ ಉಳಿಯುತ್ತದೆ. ವಾರ್ಡರಮ್ಮನನ್ನು ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ, ಕಳ್ಳಿ ಎನ್ನುವ ಗುಮಾನಿಯನ್ನು ಹಣೆಗಂಟಿಸಿ ಯಾವುದೋ ಮೂಲೆಗೆ ಎಸೆಯುತ್ತಾರೆ. ಅಷ್ಟು ಅವಳಿಗೆ ಗೊತ್ತಿತ್ತು.

ಬೆಚ್ಚಗೆ ಮಾಡುವ ಒಲೆಯಂಥದ್ದೊಂದು ಯಂತ್ರ ಪ್ರಯೋಗಾಲಯದಲ್ಲಿತ್ತು, ಅದು ಕೆಟ್ಟು ಕೂತಿತ್ತು. ಮುಂದಿನ ವಾರ ಸರಿಯಾಗುತ್ತದೆ, ಗ್ಯಾರಂಟಿ. ಸಣ್ಣಿ ಫೋನನ್ನು ಬಾವಿಯಿಂದ ತೆಗೆದು, ಆರಿಸಿ, ಕರವಸ್ತ್ರದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಮನುಷ್ಯರ ಮೈ ಬಿಸಿ ಜೈಲಿನ ಸೆಕೆಗೆ ಸಾಟಿಯಾಗಬಹುದು. ಧೂಳು ಬೀಳಬಾರದೆಂದು ಅಭ್ಯಾಸಬಲದಿಂದ ಖಾಲಿ ಬಾವಿಯ ಮುಚ್ಚಳ ಹಾಕಿ, ಕೊಂಡಿ ಸಿಕ್ಕಿಸಿ, ಒಂದು ತೋಳನ್ನು ಪಕ್ಕೆಗೆ ಒತ್ತಿಕೊಂಡು ಕುಳಿತಳು, ಜ್ವರ ನೋಡಿಕೊಳ್ಳುವವಳ ಹಾಗೆ.

ಹಸಿರು ದೀಪ ಹತ್ತಿತು.

ಪರದೆಯ ಮೇಲೆ ಬಂತು: ವಾರ್ಡರ್, ಹೆಂಗಸರ ವಿಭಾಗ. ಹೊಂದಿದೆ.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಇಲ್ಲಿ ಮಗು ಕಂಕುಳಲ್ಲಿತ್ತು, ಬಾಯಿ ಮುಚ್ಚಿಕೊಂಡಿತ್ತು, ಅಳು ಮಾತ್ರ ಬಾವಿಯೊಳಗಿಂದ ಬರುತ್ತಿತ್ತು. ಸಣ್ಣಿ ಮುಚ್ಚಳ ತೆಗೆದಳು. ಏನೂ ಇಲ್ಲ. ಸ್ಪಂಜಿನ ಅಂಚಿಗೆ ಬೆರಳು ತೂರಿಸಿ ಎತ್ತಿದಳು. ಅಡಿಯಲ್ಲಿ, ಸ್ಪಂಜನ್ನು ಅಳತೆಗೆ ಸರಿಯಾಗಿ ಕೊರೆದು ಮಾಡಿದ ಗೂಡಿನಲ್ಲಿ, ಗುಂಡಿ ಒತ್ತುವ ಹಳೇ ಕಾಲದ ಪುಟ್ಟ ಫೋನೊಂದು ಮಲಗಿತ್ತು. ಚಾಲೂ ಇತ್ತು.

ಅವಳಿಗೆ ಜೈಲಿನ ಮುಂಭಾಗದ ಕಚೇರಿ ನೆನಪಾಯಿತು. ಊಟದ ನಂತರದ ಮೊದಲ ಫೋನು ವಾರ್ಡರಮ್ಮನದು. "ಚಾರ್ಜು ಮುಗೀತಾ ಬಂದಿದೆ, ಬೇಗ ಮಾಡು ತಾಯಿ" ಎಂದಿದ್ದಳು. ಬಾವಿಗೆ ಹಾಕುವ ಮುಂಚೆ ಫೋನು ಚಾಲೂ ಇದೆಯೇ ಎಂದು ನೋಡಬೇಕು, ಅದು ನಿಯಮ. ಸಣ್ಣಿ ನೋಡಿರಲಿಲ್ಲ. ಹಸಿರು ದೀಪ ಹತ್ತಿತಲ್ಲ, ಸಾಕು ಎಂದುಕೊಂಡಿದ್ದಳು. ವಾರ್ಡರಮ್ಮನ ಫೋನು ಆಗಲೇ ಸತ್ತಿತ್ತು. ಓಗೊಟ್ಟದ್ದು ಅಡಿಯಲ್ಲಿದ್ದದ್ದು. ಉಳಿದವರ ಸರದಿಯಲ್ಲಿ ಹೀಗಾಗಲಿಲ್ಲ, ಏಕೆಂದರೆ ಎರಡು ದನಿ ಕೇಳಿದರೆ ಜೋರಾದದ್ದನ್ನೇ ಹಿಡಿ ಎಂದು ಬಾವಿಗೆ ಕಲಿಸಿಕೊಟ್ಟವಳೂ ಸಣ್ಣಿಯೇ. ಮೇಲಿನ ಫೋನು ಜೀವಂತ ಇರುವಷ್ಟು ಹೊತ್ತು ಸ್ಪಂಜಿನಡಿಯ ದನಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಹೊರಗಿನ ಗಾಳಿ ಸಿಕ್ಕ ಆ ಪುಟ್ಟ ಫೋನು ಕೈಯಲ್ಲೇ ಕಿರುಚತೊಡಗಿತು. ಬೆಂಕಿಪೊಟ್ಟಣದಷ್ಟು ಅಗಲದ ಅದರ ಪರದೆಯ ಮೇಲೆ ಒಂದೇ ಪದ: ಅಮ್ಮ.

ಸಣ್ಣಿ ಎತ್ತಿಕೊಂಡಳು.

"ಏನೋ ಮಗಾ, ಬೆಳಗ್ಗೆಯಿಂದ ಹೊಡೀತಾ ಇದೀನಿ, ಬಾವಿಗೆ ಬಿದ್ಯೇನೋ?"

ಆ ದನಿಗೆ ಯಂತ್ರ ಬೇಕಿರಲಿಲ್ಲ. ಭಾವನ ತಾಯಿ. "ಅತ್ತೆ, ನಾನು ಸಣ್ಣಿ."

"ಅಯ್ಯೋ ನನ್ನ ಕರ್ಮವೇ. ನಿಮ್ಮಕ್ಕನಿಗೆ ಹೇಳ್ಬೇಡ ಕಣೆ."

ಸಣ್ಣಿಗೆ ಅರ್ಥವಾಯಿತು. ಅಕ್ಕನೂ ಅಕ್ಕನ ಅತ್ತೆಯೂ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ನಡುಮನೆಯ ಪರದೆಯ ಬಣ್ಣದಿಂದ ಶುರುವಾದ ಜಗಳ ಹೆತ್ತವರವರೆಗೆ ಹೋಗಿ, ಅತ್ತೆ ಮಗಳ ಮನೆ ಸೇರಿದ್ದರು. ಆ ಮೇಲೆ ಮನೆಯಲ್ಲಿ ಅವರ ಸುದ್ದಿ ಎತ್ತುವ ಹಾಗಿರಲಿಲ್ಲ.

"ಹೇಳಲ್ಲ ಅತ್ತೆ. ಒಂದೇ ಒಂದು ಹೇಳಿ. ಈಚೆಗೆ ಭಾವ ಎಲ್ಲಾದ್ರೂ ವಿಚಿತ್ರ ಜಾಗದಿಂದ ಫೋನ್ ಮಾಡಿದ್ರಾ?"

"ವಿಚಿತ್ರ ಅಂದ್ರೆ? ನನ್ನ ಕಣ್ಣಿನ ಪಟ್ಟಿ ಬಿಚ್ಚಿದ್ರಲ್ಲ, ಆಪರೇಷನ್ ಆದ್ಮೇಲೆ, ಆವತ್ತು ಮಾಡ್ದ. ಪಿಸುಪಿಸು ಅಂತಿದ್ದ. ಮೊದಲು ಏನು ಕಾಣಿಸ್ತಮ್ಮ ಅಂದ. ನರ್ಸಮ್ಮನ ಮೂಗು ಕಾಣಿಸ್ತು ಕಣೋ, ಎಷ್ಟು ಉದ್ದ ಅಂತೀಯ ಅಂದೆ. ಹಿಂದೆ ಯಾವುದೋ ಕಬ್ಬಿಣದ ಬಾಗಿಲು ದಢಾರ್ ಅಂತ ಹಾಕಿದ ಸದ್ದು. ಎಲ್ಲಿದೀಯೋ ಅಂದ್ರೆ ಬ್ಯಾಂಕಲ್ಲಿದೀನಿ ಅಂದ. ಯಾಕೆ, ಬ್ಯಾಂಕಲ್ಲಿರಲಿಲ್ವಾ?"

"ಬ್ಯಾಂಕಲ್ಲ ಅತ್ತೆ, ಹೆಚ್ಚುಕಮ್ಮಿ ಹಾಗೇ. ದಪ್ಪ ಬಾಗಿಲು" ಎಂದು ಸಣ್ಣಿ ಫೋನಿಟ್ಟಳು.

ಭಾವ ಎರಡು ಲೋಟ ಚಹಾ ಹಿಡಿದು ಒಳಗೆ ಬಂದರು. ಮೇಜಿನ ಮೇಲೆ ಎತ್ತಿಟ್ಟ ಸ್ಪಂಜು, ಅದರ ಪಕ್ಕ ಪುಟ್ಟ ಫೋನು. ಅವರು ಲೋಟಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತರು.

"ಅತ್ತೆ ಫೋನ್ ಮಾಡಿದ್ರು" ಎಂದಳು ಸಣ್ಣಿ. "ನರ್ಸಮ್ಮನ ಮೂಗು ಉದ್ದವಂತೆ."

ಭಾವ ಕೂತರು. "ಮನೇಲಿ ಇಟ್ಟುಕೊಳ್ಳೋ ಹಾಗಿಲ್ಲ. ಜೇಬಲ್ಲಿ ಇಟ್ಟರೆ ಬಟ್ಟೆ ಒಗೆಯೋವಾಗ ನಿಮ್ಮಕ್ಕನಿಗೆ ಸಿಗುತ್ತೆ. ಇಲ್ಲಿಗಿಂತ ಒಳ್ಳೇ ಜಾಗ ಎಲ್ಲಿದೆ ಹೇಳು?"

"ವಾರ್ಡರಮ್ಮನನ್ನ ನೀರಿಗೆ ಕಳಿಸಿದ್ದು ನೀವು."

"ಹೂಂ."

"ಅವಳ ಮೇಲೆ ತಪ್ಪು ಬಂದಾಗ ಬಾಯಿ ಬಿಡಬಾರದಾಗಿತ್ತಾ ಭಾವ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ."

"ಕೇಳು ಇಲ್ಲಿ." ಭಾವನ ದನಿ ತಗ್ಗಿತು. "ನನ್ನ ಈ ಫೋನಿನ ಹೆಬ್ಬೆಟ್ಟೇ ಇಲ್ವಲ್ಲ. ಡಬ್ಬಿ ನನ್ನನ್ನ ಹಿಡಿದಿದ್ರೆ 'ಗೊತ್ತಿಲ್ಲದ ಫೋನು' ಅನ್ನಬೇಕಿತ್ತು. ಅನ್ನಲಿಲ್ಲ. ವಾರ್ಡರ್ ಅಂತು. ಸರಿ, ಅವಳೂ ಅದೇ ಹೊತ್ತಿಗೆ ಎಲ್ಲೋ ಮಾತಾಡಿದಾಳೆ, ಡಬ್ಬಿ ಅವಳನ್ನ ಹಿಡೀತು, ನನ್ನ ಬಿಡ್ತು, ಬಚಾವಾದೆ ಅನ್ಕೊಂಡೆ. ದೇವರಾಣೆಗೂ ಹಾಗೇ ಅನ್ಕೊಂಡೆ. ಡಬ್ಬಿ ಸುಳ್ಳು ಹೇಳಲ್ಲ ಅಂತ ಜೋಡಿಸಿದೋನೇ ನಂಬದಿದ್ರೆ ಇನ್ಯಾರು ನಂಬ್ತಾರೆ?"

ಸಣ್ಣಿಗೆ ಅದು ನಿಜವೆನಿಸಿತು. ಓಣಿಯಲ್ಲಿ ಏಣಿ ಹತ್ತಿ ತಾನೇ ಫೋನು ಮಾಡಿದ ಮನುಷ್ಯ, ಆ ಫೋನು ತನ್ನದಲ್ಲ ಎಂದು ಡಬ್ಬಿ ಹೇಳಿದ್ದಕ್ಕೆ ತನ್ನನ್ನೇ ನಂಬದೆ ಡಬ್ಬಿಯನ್ನು ನಂಬಿದ್ದ. ಬೇರೆ ಕಸುಬಿನವರಿಗೆ ಈ ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ.

"ಹೊಂದಲಿಲ್ಲ ಅಂತ ಬರಿ, ಮುಗೀತು" ಎಂದರು ಭಾವ. "ನನ್ನ ಹೆಸರು ಯಾಕೆ ಬೇಕು?"

"ಹೊಂದಲಿಲ್ಲ ಅಂದ್ರೆ ಶಾಖ ಅಂತಾರೆ. ಶಾಖ ಅಲ್ಲ ಅಂದ್ರೆ ಬ್ಯಾಟರಿ ಅಂತಾರೆ. ಯಾರದು ಅಂತ ಹೇಳೋ ತನಕ ಅವಳದಲ್ಲ ಅಂತ ಯಾರೂ ಒಪ್ಪಲ್ಲ ಭಾವ. ನಂದೂ ತಪ್ಪಿದೆ, ಅವಳ ಫೋನಿನ ಪರದೆ ನೋಡದೆ ಬಾವಿ ದೀಪ ನೋಡ್ದೆ. ಅದನ್ನೂ ಬರೀತೀನಿ."

ಭಾವ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಆಚೆಗೂ ಈಚೆಗೂ ನೋಡಿದರು. ಒಂದು ಬದಿಗೆ ಕೆಲಸ, ಇನ್ನೊಂದು ಬದಿಗೆ ಅಕ್ಕ. ಚಹಾ ಆರಿಹೋಯಿತು. ಕೊನೆಗೆ, "ಮನೇಲಿ ನಾನೇ ಹೇಳ್ತೀನಿ. ನೀನು ಮೊದಲು ಬಾಯಿಬಿಡಬೇಡ, ಅಷ್ಟು ಮಾಡು" ಎಂದರು.

ಸಂಜೆ ಊಟದ ಮೇಜಿಗೆ ಪಾತ್ರೆಗಳನ್ನು ತರುತ್ತಿದ್ದ ಅಕ್ಕನಿಗೆ ಭಾವ ಎಲ್ಲವನ್ನೂ ಹೇಳಿದರು. ವಾರ್ಡರಮ್ಮನಿಂದ ಶುರು ಮಾಡಿ, ಬಾವಿಗೆ ಬಂದು, ಅಮ್ಮನ ಹತ್ತಿರ ಬಂದಾಗ ದನಿ ಸಣ್ಣದಾಯಿತು. ಪುಟ್ಟ ಫೋನನ್ನು ತಟ್ಟೆಯ ಪಕ್ಕ ಇಟ್ಟರು. ಸಣ್ಣಿ ನೀರಿನ ಲೋಟ ಎಣಿಸುವವಳಂತೆ ತಲೆ ತಗ್ಗಿಸಿದ್ದಳು.

ಅಕ್ಕ ಕೈಯಲ್ಲಿದ್ದ ಮುಚ್ಚಳ ಹಿಡಿದೇ ನಿಂತಿದ್ದಳು. "ಮಾತು ಬಿಟ್ಟವಳು ನಾನು. ನಿಮಗೂ ಬಿಡಿ ಅಂದ್ನಾ?"

"ಅನ್ನಲಿಲ್ಲ."

"ಮತ್ತೆ?"

"ಅಮ್ಮ ಅಂತ ನಾನು ಬಾಯಿ ತೆರೆದಾಗೆಲ್ಲ ನೀನು ಪಾತ್ರೆ ಜೋರಾಗಿ ಇಡ್ತಿದ್ದೆ."

ಅಕ್ಕ ಮುಚ್ಚಳವನ್ನು ಪಾತ್ರೆಯ ಮೇಲೆ, ಸದ್ದೇ ಆಗದ ಹಾಗೆ ಇಟ್ಟಳು. ಅಷ್ಟು ಮೆಲ್ಲಗೆ ಇಟ್ಟದ್ದೇ ಹೆದರಿಕೆಯಾಗುವಂತಿತ್ತು.

"ಹೆತ್ತ ತಾಯಿಗೆ ಫೋನ್ ಮಾಡೋಕೆ ಜೈಲಿಗೆ ಹೋಗಬೇಕಾಯ್ತೇನ್ರೀ ನಿಮಗೆ?" ಎಂದಳು. "ನಿಮ್ಮಮ್ಮ ಇದನ್ನ ಊರಿಗೆಲ್ಲ ಹೇಳ್ತಾರೆ. ಸೊಸೆ ಅಂದ್ರೆ ಇಂಥೋಳು ಅಂತ. ಆ ಹೆಂಗಸಿನ ಕೆಲಸ ಹೋದರೆ ಅದಕ್ಕೂ ನಾನೇ ಕಾರಣ ಅಂತಾರೆ. ನಾಳೆ ಹೋಗಿ ಹೇಳಿ ಬನ್ನಿ ಮೊದಲು." ಆಮೇಲೆ ಎಲ್ಲರಿಗೂ ಬಡಿಸಿದಳು, ಭಾವನಿಗೆ ಕೊನೆಯಲ್ಲಿ.

ಬೆಳಗ್ಗೆ ಸಣ್ಣಿ ಬರೆದುಕೊಟ್ಟದ್ದನ್ನು ಗ್ಯಾರಂಟಿ ಸಾಹೇಬರು ನಿಂತಲ್ಲೇ ಓದಿದರು. "ಇದು ಜೈಲಿಗೆ ಹೋದರೆ ಗಿರಾಕಿ ಕೈಬಿಟ್ಟ ಹಾಗೇ" ಎಂದರು.

"ನಾನೇ ಬಂದು ಹೇಳ್ತೀನಿ ಸಾರ್" ಎಂದರು ಭಾವ. "ಫೋನೂ ತರ್ತೀನಿ. ಡಬ್ಬಿ ಕೆಳಗೆ ನಿಂತು ಅಮ್ಮನಿಗೆ ಒಂದು ಫೋನ್ ಮಾಡಿದರೆ ಡಬ್ಬಿಯೇ ಸಾಕ್ಷಿ ಹೇಳುತ್ತೆ."

ವಿಚಾರಣೆಯಲ್ಲಿ ಹಾಗೆಯೇ ಆಯಿತು. ಹೆಂಗಸರ ವಿಭಾಗದ ಓಣಿಯಲ್ಲಿ ಮೇಲಧಿಕಾರಿ, ಗುಮಾಸ್ತ, ಗ್ಯಾರಂಟಿ ಸಾಹೇಬರು, ಸಣ್ಣಿ, ತೋಳು ಕಟ್ಟಿ ನಿಂತ ವಾರ್ಡರಮ್ಮ, ಎಲ್ಲರ ನಡುವೆ ಭಾವ ತಾಯಿಗೆ ಫೋನು ಮಾಡಿ, "ಊಟ ಆಯ್ತಾ ಅಮ್ಮಾ?" ಎಂದರು. ಸೂರಿನ ಡಬ್ಬಿ ಕೂಡಲೇ ವಾರ್ಡರಮ್ಮನ ಹೆಸರು ಹೇಳಿತು. ವಾರ್ಡರಮ್ಮ ಎರಡೂ ಖಾಲಿ ಕೈಗಳನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ಯಂತ್ರ ತಪ್ಪಲ್ಲ ಅಂತ ಹೇಳಿದ್ರಲ್ರೀ?" ಎಂದರು ಮೇಲಧಿಕಾರಿ.

"ಯಂತ್ರ ತಪ್ಪಿಲ್ಲ ಸಾರ್. ಆವತ್ತು ಕೇಳಿದ ಫೋನನ್ನೇ ಇವತ್ತೂ ಗುರುತು ಹಿಡೀತು. ಹೆಸರು ತಪ್ಪಾಗಿ ಅಂಟಿಸಿದ್ದು ನಾವು" ಎಂದರು ಗ್ಯಾರಂಟಿ ಸಾಹೇಬರು. ಆ ಒಂದು ದಿನ ಅವರ ಬಾಯಿಂದ ಗ್ಯಾರಂಟಿ ಎನ್ನುವ ಮಾತು ಬರಲಿಲ್ಲ.

ಭಾವನ ಕೆಲಸ ಉಳಿಯಿತು, ಆದರೆ ಇನ್ನು ಮುಂದೆ ಅವರು ಜೈಲಿನೊಳಗೆ ಕಾಲಿಡುವ ಹಾಗಿಲ್ಲ. ಪ್ರಯೋಗಾಲಯದಲ್ಲೇ ಕೂತು ಬೆಸುಗೆ ಹಾಕುವ ಕೆಲಸ. ಪುಟ್ಟ ಫೋನು ಈಗ ಅಡುಗೆಮನೆಯ ಗೂಡಿನಲ್ಲಿರುತ್ತದೆ. ಅಕ್ಕ ಅದನ್ನು ಮುಟ್ಟುವುದಿಲ್ಲ. ಅದು ರಿಂಗಾದರೆ "ರೀ, ನಿಮ್ಮಮ್ಮ!" ಎಂದು ಆ ಕಡೆಯವರಿಗೂ ಕೇಳುವಷ್ಟು ಜೋರಾಗಿ ಕೂಗುತ್ತಾಳೆ.

ಜೈಲಿನ ಎಲ್ಲರ ಹೆಬ್ಬೆಟ್ಟನ್ನೂ ಹೊಸದಾಗಿ ತೆಗೆಯಬೇಕೆಂದು ಆಜ್ಞೆಯಾಯಿತು. ಸಣ್ಣಿ ಬಾವಿಯನ್ನು ಮುಂಭಾಗದ ಕಚೇರಿಯ ಮೇಜಿನ ಮೇಲಿಟ್ಟು ಕೂತಳು. ಸಾಲಿನ ಮೊದಲಲ್ಲೇ ಸಮವಸ್ತ್ರದ ವಾರ್ಡರಮ್ಮ.

ಅವಳು ತನ್ನ ಫೋನನ್ನು ಕೊಡಲಿಲ್ಲ. ಮೊದಲು ಬಾವಿಯ ಮೇಲೆ ಬಗ್ಗಿ, ಸ್ಪಂಜನ್ನು ಮೂಲೆಯಿಂದ ಎತ್ತಿ, ಅಡಿಯಲ್ಲಿ ಕೈಯಾಡಿಸಿದಳು. ಕೊರೆದ ಗೂಡಿನಲ್ಲಿ ಬೆರಳು ನಿಂತಿತು.

"ಮನೆ ಖಾಲಿ ಮಾಡಿದಾರೆ" ಎಂದಳು.

"ಮಾಡಿದಾರಮ್ಮ."

"ತಾಯಿ ಕಣ್ಣು ಹೇಗಿದೆಯಂತೆ?"

"ಚೆನ್ನಾಗಿ ಕಾಣ್ತಿದೆಯಂತೆ. ಎಲ್ಲರ ಮೂಗೂ."

ವಾರ್ಡರಮ್ಮ ತನ್ನ ಫೋನಿನ ಗುಂಡಿ ಒತ್ತಿ, ಬೆಳಗಿದ ಪರದೆಯನ್ನು ಸಣ್ಣಿಯ ಮುಖದ ಮುಂದೆ ಹಿಡಿದಳು. ಸಣ್ಣಿ ನೋಡಿದಳು. ಮುಕ್ಕಾಲು ಪಾಲು ಚಾರ್ಜು ಇತ್ತು. ತಲೆಯಾಡಿಸಿದಳು. ಆದರೂ ವಾರ್ಡರಮ್ಮ ಕೈ ಇಳಿಸಲಿಲ್ಲ.

"ಬಾಯಲ್ಲಿ ಹೇಳು" ಎಂದಳು.

"ಚಾಲೂ ಇದೆಯಮ್ಮ" ಎಂದು ಸಣ್ಣಿ ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿ, ಆಮೇಲೆ ಮುಚ್ಚಳ ಹಾಕಿದಳು.